ಮೀಟರ್ ಮಾತು ಕೇಳಿ ಮೆಷಿನ್ ಕೊಳ್ಳಬೇಡಿ

ಈ ಸಲ ಬಂದ ಪತ್ರಗಳಲ್ಲಿ ನೀರಿನದ್ದೇ ಜಾಸ್ತಿ. ಫಿಲ್ಟರ್ ಯಾವುದು, ಸಾಫ್ಟ್‌ನರ್ ಬೇಕಾ ಬೇಡವಾ ಎಂದು ಕೇಳಿದವರ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. "ಒಳ್ಳೇ ಕಂಪನಿ ಯಾವುದು, ಒಂದೇ ಸಾಲಿನಲ್ಲಿ ಹೇಳಿಬಿಡಿ" ಎಂದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ನೀರಿನಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಹೆಸರು ಹೇಳುವುದು ರೋಗಿಯನ್ನು ನೋಡದೆ ಮಾತ್ರೆ ಬರೆದುಕೊಟ್ಟ ಹಾಗೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಹೋದ ತಿಂಗಳು ಸಾಫ್ಟ್‌ನರ್ ಹಾಕಿಸಿದೆವು. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಮೀಟರ್‌ನಲ್ಲಿ ಮೊದಲೂ 640 ಆಸುಪಾಸು ತೋರಿಸುತ್ತಿತ್ತು, ಈಗಲೂ ಅಷ್ಟೇ ತೋರಿಸುತ್ತಿದೆ. ನಮಗೆ ಟೋಪಿ ಹಾಕಿದ್ದಾರೆ ಅಲ್ವಾ ಸರ್?

ಉತ್ತರ: ಹಾಕಿರಲೂಬಹುದು, ಆದರೆ ಈ ಮೀಟರ್ ನೋಡಿ ಅದನ್ನು ಹೇಳಲು ಆಗುವುದಿಲ್ಲ. ಸಾಫ್ಟ್‌ನರ್ ನೀರಿನಲ್ಲಿ ಕರಗಿದ ಲವಣವನ್ನು ತೆಗೆದು ಹಾಕುವುದಿಲ್ಲ, ಅದಲು ಬದಲು ಮಾಡುತ್ತದೆ. ನೀರು ಗಡಸಾಗುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನಿಂದ. ಸಾಫ್ಟ್‌ನರ್ ಸಿಲಿಂಡರ್ ಒಳಗೆ ರೆಸಿನ್ ಎಂಬ, ಅರ್ಧ ಮಿಲಿಮೀಟರ್ ಆಸುಪಾಸಿನ ಪ್ಲಾಸ್ಟಿಕ್ ಮಣಿಗಳಿರುತ್ತವೆ. ಅವು ಸೋಡಿಯಂ ಹಿಡಿದುಕೊಂಡು ಕೂತಿರುತ್ತವೆ. ಗಡಸು ನೀರು ಹಾದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ತೂಕದ ಲೆಕ್ಕದಲ್ಲಿ 40 ಗ್ರಾಂ ಕ್ಯಾಲ್ಸಿಯಂ ಹೋದ ಕಡೆ 46 ಗ್ರಾಂ ಸೋಡಿಯಂ ಬಂದು ಕೂರುತ್ತದೆ. ಅಂದ ಮೇಲೆ ಟಿಡಿಎಸ್ ಇಳಿಯುವುದು ಎಲ್ಲಿಂದ? ನಿಮ್ಮ ಕೈಯಲ್ಲಿರುವ ಮೀಟರ್ ಅಂತೂ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ಅಳೆದು ಒಂದು ಅಂದಾಜು ಅಂಕಿ ತೋರಿಸುತ್ತದೆ. ಈ ಅದಲು ಬದಲು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ನಿಮಗೆ ಬೇಕಾದದ್ದು ಗಡಸುತನ ನೋಡುವ ಕಿಟ್, ಹನಿ ಹಾಕಿ ಎಣಿಸುವಂಥದ್ದು. ಪುಟ್ಟ ಶೀಶೆಯಲ್ಲಿ ಗುರುತಿನವರೆಗೆ ನೀರು ತುಂಬಿ, ಕಿಟ್ಟಿನಲ್ಲಿರುವ ಬಫರ್ ಹನಿಗಳನ್ನು ಹಾಕಿ, ಆಮೇಲೆ ಬಣ್ಣದ ಸೂಚಕ ಹಾಕಿ. ಗಡಸು ನೀರಾದರೆ ದ್ರಾಕ್ಷಿ ರಸದಂಥ ಕೆಂಪು ಬರುತ್ತದೆ. ಈಗ ಮೂರನೇ ಬಾಟಲಿಯಿಂದ ಒಂದೊಂದೇ ಹನಿ ಬಿಡುತ್ತಾ, ಪ್ರತಿ ಹನಿಗೂ ಶೀಶೆ ಅಲ್ಲಾಡಿಸುತ್ತಾ ಹೋಗಿ. ಕೆಂಪು ನೇರಳೆಯಾಗಿ, ಕೊನೆಗೆ ಒಂದು ಹನಿಗೆ ಪೂರ್ತಿ ನೀಲಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಒಂದು ಹನಿಗೆ ಎಷ್ಟು ಮಿಲಿಗ್ರಾಂ ಎಂದು ಕಿಟ್ ಮೇಲೆ ಬರೆದಿರುತ್ತದೆ, ಗುಣಿಸಿದರೆ ಉತ್ತರ ಸಿಗುತ್ತದೆ. ಸಾಫ್ಟ್‌ನರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದರಿಂದ ಬಂದ ನೀರು ಸೂಚಕ ಹಾಕಿದ ಕೂಡಲೇ ನೀಲಿಯಾಗಬೇಕು, ಅಥವಾ ಒಂದೆರಡು ಹನಿಗೆ ತಿರುಗಬೇಕು. ಬೋರ್‌ವೆಲ್ ನೀರಿನಷ್ಟೇ ಹನಿ ಬೇಕಾದರೆ ನೀರನ್ನು ಸಾಫ್ಟ್‌ನರ್ ಒಳಗೆ ಬಿಡದೆ ಪಕ್ಕದಿಂದ ದಾಟಿಸುವ ಬೈಪಾಸ್ ವಾಲ್ವ್ ತೆರೆದಿದೆಯಾ, ರೆಸಿನ್ ತೊಳೆಯಲು ಬೇಕಾದ ಉಪ್ಪಿನ ಟ್ಯಾಂಕ್ ಖಾಲಿಯಾಗಿದೆಯಾ ನೋಡಿ. ಎರಡೂ ಸರಿಯಿದ್ದರೆ ಆಗ ಹಾಕಿಸಿದವರನ್ನು ಕರೆದು ಜಗಳ ಮಾಡಿ.

ಪ್ರಶ್ನೆ: ಆರ್‌ಒ ಹಾಕಿಸಿ ಅಂತ ಒಬ್ಬರು, ಯುವಿ ಸಾಕು ಅಂತ ಇನ್ನೊಬ್ಬರು, ಮೊದಲು ಸಾಫ್ಟ್‌ನರ್ ಹಾಕಿಸಿ ಅಂತ ಮತ್ತೊಬ್ಬರು. ತಲೆ ಕೆಟ್ಟುಹೋಗಿದೆ. ಯಾವುದು ಸರಿ?

ಉತ್ತರ: ಮೂವರೂ ಸರಿಯಿರಬಹುದು, ಮೂವರೂ ತಪ್ಪಿರಬಹುದು. ಯಾಕೆಂದರೆ ಇವು ಒಂದೇ ಕೆಲಸದ ಮೂರು ಮೆಷಿನ್‌ಗಳಲ್ಲ. ಸಾಫ್ಟ್‌ನರ್ ಇರುವುದು ಗೀಸರ್, ನಲ್ಲಿ, ವಾಷಿಂಗ್ ಮೆಷಿನ್, ಬಚ್ಚಲುಮನೆಯ ಟೈಲ್ಸ್ ಉಳಿಸಿಕೊಳ್ಳುವುದಕ್ಕೆ. ಅದರಿಂದ ನೀರು ಕುಡಿಯಲು ಸುರಕ್ಷಿತ ಆಗುವುದಿಲ್ಲ. ಯುವಿ, ಅಂದರೆ ನೇರಳಾತೀತ ಕಿರಣದ ದೀಪ, ಇರುವುದು ರೋಗಾಣು ಕೊಲ್ಲುವುದಕ್ಕೆ, ಒಂದು ಕಣ ಉಪ್ಪನ್ನೂ ಅದು ತೆಗೆಯುವುದಿಲ್ಲ. ಆರ್‌ಒ, ಅಂದರೆ ಮೆಂಬ್ರೇನ್ ಎಂಬ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸುವ ಮೆಷಿನ್, ಇರುವುದು ಕರಗಿದ ಲವಣ, ಫ್ಲೋರೈಡ್, ನೈಟ್ರೇಟ್ ಇಂಥವನ್ನು ತಡೆಯುವುದಕ್ಕೆ. ಇನ್ನು ಕಾರ್ಬನ್ ಫಿಲ್ಟರ್, ಅದು ಕ್ಲೋರಿನ್ ವಾಸನೆ, ಕೆಟ್ಟ ರುಚಿ ತೆಗೆಯುತ್ತದೆ. ಯುಎಫ್, ಅಂದರೆ ತೀರ ಸಣ್ಣ ರಂಧ್ರಗಳಿರುವ ಫಿಲ್ಟರ್, ಬ್ಯಾಕ್ಟೀರಿಯಾ, ಮಣ್ಣಿನ ಕಣ ತಡೆಯುತ್ತದೆ, ಕರೆಂಟೂ ಬೇಡ, ಆದರೆ ಕರಗಿದ್ದು ಯಾವುದೂ ಅದಕ್ಕೆ ಸಿಗುವುದಿಲ್ಲ.

ಹಾಗಾಗಿ ಮೊದಲು ಲ್ಯಾಬ್. ನೀರು ಪರೀಕ್ಷಿಸುವ, ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಮೆಷಿನ್ ಮಾರಲು ಬಂದವರು ಅಡುಗೆಮನೆಯಲ್ಲೇ ನಿಂತು ಮಾಡುವ "ಟೆಸ್ಟ್" ಇದೆಯಲ್ಲ, ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟು ಕಂದು ಬಣ್ಣದ ಕೆಸರು ಎಬ್ಬಿಸುವುದು, ಅದನ್ನು ನಂಬಬೇಡಿ. ಆ ಕೆಸರಿನಲ್ಲಿ ಬಹುಪಾಲು ಕಡ್ಡಿಯ ಕಬ್ಬಿಣವೇ ಬಿಟ್ಟುಕೊಂಡದ್ದು. ನೀರಿನಲ್ಲಿ ಲವಣ ಇದ್ದಷ್ಟೂ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕೆಸರು ಜಾಸ್ತಿ ಬರುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ, ಅದಕ್ಕೇ ಅದು ತಿಳಿಯಾಗಿಯೇ ಇರುತ್ತದೆ. ನೋಡಿದವರು ಹೆದರಿ ಅಲ್ಲೇ ಚೆಕ್ ಬರೆಯುತ್ತಾರೆ!

ಲ್ಯಾಬಿನಲ್ಲಿ ಟಿಡಿಎಸ್, ಗಡಸುತನ, ಪಿಹೆಚ್, ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ (ನೀರಿಗೆ ಕೊಳೆ ಸೇರಿರಬಹುದು ಎಂದು ಸುಳಿವು ಕೊಡುವ ಬ್ಯಾಕ್ಟೀರಿಯಾ) ಇಷ್ಟನ್ನಾದರೂ ನೋಡಲು ಹೇಳಿ. ಅಂತರ್ಜಲವಾದರೆ ಆರ್ಸೆನಿಕ್ ಕೂಡ. ಕೋಲಿಫಾರ್ಮ್ ಪರೀಕ್ಷೆಗೆ ಅವರು ಕೊಡುವ ಸ್ಟೆರೈಲ್ ಬಾಟಲಿಯೇ ಬೇಕು, ಮನೆಯ ಹಳೇ ಬಾಟಲಿಯಲ್ಲಿ ಹಿಡಿದುಕೊಂಡು ಹೋದರೆ ಬಾಟಲಿಯ ರಿಪೋರ್ಟ್ ಬರುತ್ತದೆ. ರಿಪೋರ್ಟ್ ಕೈಗೆ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳ ಜೊತೆ ಇಟ್ಟು ನೋಡಿ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ. ಇದು ದಾಟಿದ್ದರೆ ಕುಡಿಯುವ ನೀರಿಗೆ ಆರ್‌ಒ ಅಥವಾ ಆ ಒಂದು ವಸ್ತುವಿಗೇ ಮಾಡಿದ ಫಿಲ್ಟರ್ ಬೇಕು, ಟಿಡಿಎಸ್ ಎಷ್ಟೇ ಕಡಿಮೆ ಇರಲಿ. ಇಲ್ಲಿಯೇ ಜನ ಎಡವುವುದು. ಟಿಡಿಎಸ್ 250 ಇದೆ, ನಮ್ಮ ನೀರು ಚೊಕ್ಕ ಎಂದುಕೊಳ್ಳುತ್ತಾರೆ. ಆ 250ರ ಒಳಗೆ ಆರ್ಸೆನಿಕ್ ಇದ್ದರೂ ಮೀಟರ್ ಹೇಳುವುದಿಲ್ಲ, ರೋಗಾಣು ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇವೆಲ್ಲ ಮಿತಿಯೊಳಗಿದ್ದು ಟಿಡಿಎಸ್ 600ರ ಒಳಗಿದ್ದರೆ ರುಚಿಗೂ ತೊಂದರೆ ಇರುವುದಿಲ್ಲ. ಅಂಥ ನೀರಿಗೆ ಆರ್‌ಒ ಸುಮ್ನೆ ದಂಡ. ಮಣ್ಣು, ಮರಳು ತಡೆಯುವ ಸೆಡಿಮೆಂಟ್ ಫಿಲ್ಟರ್, ಕಾರ್ಬನ್, ಆಮೇಲೆ ಯುವಿ ಅಥವಾ ಯುಎಫ್, ಅಷ್ಟು ಸಾಕು. 1000 ದಾಟಿದರೆ ಕುಡಿಯುವುದೇ ಕಷ್ಟವಾಗುತ್ತದೆ, ಆಗ ಆರ್‌ಒ ಬಗ್ಗೆ ಯೋಚಿಸಿ. ನಡುವಿನದ್ದು ನಿಮ್ಮ ನಾಲಿಗೆಗೆ ಬಿಟ್ಟದ್ದು. ಗಡಸುತನದ ಲೆಕ್ಕ ಬೇರೆ. ಲೀಟರಿಗೆ 60 ಮಿಲಿಗ್ರಾಂ ತನಕ ಮೆದು ನೀರು, 180 ದಾಟಿದರೆ ತುಂಬ ಗಡಸು. 200ರ ಮೇಲೆ ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿಂದ ಮೇಲಕ್ಕೆ ಸಾಫ್ಟ್‌ನರ್ ಹಾಕಿಸಿದರೆ ಕೊಟ್ಟ ದುಡ್ಡಿಗೆ ಅರ್ಥ ಇದೆ.

ಎರಡೂ ಬೇಕಾಗುವ ಮನೆಗಳೂ ಇವೆ. ಆಗ ಸಾಫ್ಟ್‌ನರ್ ಇಡೀ ಮನೆಯ ಲೈನಿಗೆ, ಆರ್‌ಒ ಅಡುಗೆಮನೆಯ ಒಂದೇ ನಲ್ಲಿಗೆ. ಸಾಫ್ಟ್‌ನರ್ ಮೊದಲಿಗೆ ಇದ್ದರೆ ಆರ್‌ಒ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುವುದಿಲ್ಲ, ಬಾಳಿಕೆ ಜಾಸ್ತಿ. ಇಡೀ ಮನೆಗೆ ಆರ್‌ಒ ಹಾಕಿಸಿ ಎಂದು ಯಾರಾದರೂ ಹೇಳಿದರೆ ಬಕೆಟ್, ಕಮೋಡ್‌ಗೆ ಆರ್‌ಒ ನೀರು ಯಾಕೆ ಎಂದು ಒಂದು ಸಲ ಕೇಳಿ ನೋಡಿ.

ಪ್ರಶ್ನೆ: ಐದು ಜನರ ಮನೆಗೆ ಎಷ್ಟು ದೊಡ್ಡ ಸಾಫ್ಟ್‌ನರ್ ಬೇಕು? ಅಂಗಡಿಯವರು ಬಾತ್‌ರೂಮ್ ಎಷ್ಟಿವೆ ಎಂದು ಮಾತ್ರ ಕೇಳಿದರು.

ಉತ್ತರ: ಬಾತ್‌ರೂಮ್ ಎಣಿಸಿ ಅಳತೆ ಹೇಳುವವರನ್ನು ಅಲ್ಲಿಗೇ ಬಿಡಿ. ಎರಡು ಅಂಕಿ ಬೇಕು, ದಿನಕ್ಕೆ ಎಷ್ಟು ಲೀಟರ್ ಬಳಸುತ್ತೀರಿ ಮತ್ತು ನೀರಿನ ಗಡಸುತನ ಎಷ್ಟು.

ಒಂದು ಲೀಟರ್ ರೆಸಿನ್ ಒಂದು ಸುತ್ತಿಗೆ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. 25 ಲೀಟರ್ ರೆಸಿನ್ ಇದ್ದರೆ 1250 ಗ್ರಾಂ. ನಿಮ್ಮ ನೀರಿನ ಗಡಸುತನ 400 ಇದ್ದರೆ ಒಂದು ಲೀಟರಿನಲ್ಲಿ 0.4 ಗ್ರಾಂ. ಭಾಗಿಸಿದರೆ 3125 ಲೀಟರ್. ದಿನಕ್ಕೆ 600 ಲೀಟರ್ ಖರ್ಚಾದರೆ ಐದು ದಿನಕ್ಕೊಮ್ಮೆ ಉಪ್ಪುನೀರು ಹಾಯಿಸಿ ರೆಸಿನ್ ತೊಳೆಯಬೇಕು, ಅದನ್ನೇ ರೀಜನರೇಷನ್ ಎನ್ನುವುದು. ಅದೇ ಮೆಷಿನ್ 800 ಗಡಸುತನದ ನೀರಿಗೆ ಹಾಕಿದರೆ ಎರಡೂವರೆ ದಿನಕ್ಕೇ ಮುಗಿಯುತ್ತದೆ. ಒಂದೊಂದು ಸಲಕ್ಕೂ ಆ ಅಳತೆಯ ಮೆಷಿನ್‌ಗೆ ಎರಡೂವರೆಯಿಂದ ನಾಲ್ಕು ಕೆಜಿ ಉಪ್ಪು ಬೇಕು, ಜೊತೆಗೆ ನೂರಿನ್ನೂರು ಲೀಟರ್ ನೀರು ಮೋರಿಗೆ ಹೋಗುತ್ತದೆ. ಈ ಖರ್ಚನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಕೇಳಿ.

ಇನ್ನೊಂದು, ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಪೈಪಿನ ನಡುವೆ ಸಾಫ್ಟ್‌ನರ್ ಕೂರಿಸುವುದು ಉಂಟು. 25 ಲೀಟರ್ ರೆಸಿನ್ ಗಂಟೆಗೆ ಸಾವಿರ ಲೀಟರ್ ತನಕ ಹೇಗೋ ತಡೆದುಕೊಳ್ಳುತ್ತದೆ. ಅರ್ಧ ಹೆಚ್‌ಪಿ ಮೋಟಾರ್ ಅದಕ್ಕಿಂತ ಜೋರಾಗಿ ದೂಡಬಹುದು. ಆಗ ನೀರು ಮಣಿಗಳ ನಡುವೆ ನಿಲ್ಲದೆ ಓಡಿಹೋಗುತ್ತದೆ, ಗಡಸು ಗಡಸಾಗಿಯೇ ಟ್ಯಾಂಕ್ ಸೇರುತ್ತದೆ, ಮನೆಯವರು ರೆಸಿನ್ ಸರಿಯಿಲ್ಲ ಎಂದು ಬೈಯುತ್ತಾರೆ. ಮೋಟಾರಿನ ವೇಗಕ್ಕೆ ಮೆಷಿನ್ ಹೊಂದುತ್ತದಾ ಎಂದು ಮೊದಲೇ ಕೇಳಿಕೊಳ್ಳಿ.

ರಿಪೋರ್ಟಿನಲ್ಲಿ ಕಬ್ಬಿಣ 0.3 ಮಿಲಿಗ್ರಾಂ ದಾಟಿದ್ದರೆ ಸಾಫ್ಟ್‌ನರ್‌ಗೆ ಮುಂಚೆ ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿಸುವುದು ಒಳ್ಳೆಯದು. ಇಲ್ಲದಿದ್ದರೆ ಮಣಿಗಳ ಮೇಲೆ ತುಕ್ಕು ಕೂತು ರೆಸಿನ್ ಹಾಳಾಗುತ್ತದೆ. ಕ್ಲೋರಿನ್ ಜಾಸ್ತಿ ಇರುವ ನೀರೂ ರೆಸಿನ್‌ಗೆ ಆಗಿಬರುವುದಿಲ್ಲ. ಇವೆರಡರ ಕಾಟ ಇಲ್ಲದಿದ್ದರೆ ರೆಸಿನ್ ಹತ್ತು ವರ್ಷ ಬಾಳುತ್ತದೆ. ಉಪ್ಪು ಹರಳು ಹರಳಾಗಿರಲಿ, ಮಣ್ಣಿಲ್ಲದೆ ಚೊಕ್ಕವಾಗಿರಲಿ. ಪುಡಿ ಉಪ್ಪು ಸುರಿದರೆ ಟ್ಯಾಂಕಿನಲ್ಲಿ ಗಟ್ಟಿ ಕಟ್ಟಿಕೊಂಡು, ಮೇಲೆ ಉಪ್ಪು ಕಾಣುತ್ತಿದ್ದರೂ ಕೆಳಗೆ ಪೊಳ್ಳಾಗಿ ನೀರು ಸಪ್ಪೆಯಾಗಿಯೇ ಇರುತ್ತದೆ. ಆಗಾಗ ಒಂದು ಕೋಲಿನಿಂದ ಮೆಲ್ಲಗೆ ಚುಚ್ಚಿ ನೋಡಿ.

ಪ್ರಶ್ನೆ: ಸಾಫ್ಟ್‌ನರ್ ನೀರಿನಲ್ಲಿ ಸ್ನಾನ ಮಾಡಿದರೆ ಸೋಪು ಹೋಗುವುದೇ ಇಲ್ಲ, ಮೈ ಜಾರುತ್ತದೆ. ಇದರಿಂದ ಕೂದಲು ಉದುರುವುದು ನಿಲ್ಲುತ್ತದೆ ಎಂದಿದ್ದರು, ಅದೂ ನಿಂತಿಲ್ಲ.

ಉತ್ತರ: ಸೋಪು ಹೋಗಿರುತ್ತದೆ. ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟು ಪೊರೆಯಾಗಿ ಮೈಗೂ ಬಕೆಟ್ಟಿಗೂ ಅಂಟುತ್ತದೆ. ಅದರ ಒರಟುತನಕ್ಕೆ ಕೈ ಒಗ್ಗಿಹೋಗಿರುತ್ತದೆ. ಮೆದು ನೀರಿನಲ್ಲಿ ಆ ಪೊರೆ ಇಲ್ಲ, ಅದಕ್ಕೇ ಜಾರಿದ ಹಾಗೆ ಅನಿಸುತ್ತದೆ. ಮೊದಲಿಗಿಂತ ಅರ್ಧ ಸೋಪು, ಅರ್ಧ ಶಾಂಪೂ ಹಾಕಿ, ಸರಿಹೋಗುತ್ತದೆ.

ಕೂದಲಿನ ವಿಷಯದಲ್ಲಿ ನಿಮಗೆ ಹೇಳಿದವರು ಸ್ವಲ್ಪ ಜಾಸ್ತಿಯೇ ಹೇಳಿದ್ದಾರೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ಮಂಕಾಗಿ ಕಾಣಬಹುದು. ಬುಡದಿಂದ ಉದುರುವುದಕ್ಕೆ ಕಾರಣ ಬೇರೆ ಇರುತ್ತದೆ, ಚರ್ಮದ ಡಾಕ್ಟರಿಗೆ ತೋರಿಸಿ. ಚರ್ಮದ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಇದ್ದ 336 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಮಕ್ಕಳ ಮನೆಗೆ 12 ವಾರ ಸಾಫ್ಟ್‌ನರ್ ಹಾಕಿ, ಉಳಿದವರ ಜೊತೆ ಹೋಲಿಸಿದರು. 2011ರಲ್ಲಿ ಬಂದ ಫಲಿತಾಂಶದ ಪ್ರಕಾರ ಎಕ್ಸಿಮಾದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಾಫ್ಟ್‌ನರ್ ಹಾಕಿಸುವುದಾದರೆ ಗೀಸರ್‌ಗೋಸ್ಕರ ಹಾಕಿಸಿ, ಔಷಧಿ ಎಂದುಕೊಂಡು ಬೇಡ.

ಪ್ರಶ್ನೆ: ಮನೆಯಲ್ಲಿ ನಮ್ಮ ತಂದೆಗೆ ಬಿಪಿ. ಸಾಫ್ಟ್‌ನರ್‌ಗೆ ಕೆಜಿಗಟ್ಟಲೆ ಉಪ್ಪು ಸುರಿಯುತ್ತೇವಲ್ಲ, ಆ ನೀರು ಕುಡಿದರೆ ಏನೂ ಆಗಲ್ವಾ?

ಉತ್ತರ: ಸುರಿದ ಉಪ್ಪು ಅಷ್ಟೂ ನಿಮ್ಮ ಲೋಟಕ್ಕೆ ಬರುವುದಿಲ್ಲ, ರೆಸಿನ್ ತೊಳೆದು ಬಹುಪಾಲು ಮೋರಿಗೆ ಹೋಗುತ್ತದೆ. ಬರುವುದು ಅದಲು ಬದಲಾದ ಸೋಡಿಯಂ. ಗಡಸುತನದ ಅಂಕಿಯನ್ನು 0.46ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಸೋಡಿಯಂ ಸೇರಿತು ಎಂದು ಗೊತ್ತಾಗುತ್ತದೆ. 300 ಗಡಸುತನಕ್ಕೆ 138. ದಿನಕ್ಕೆ ಎರಡು ಲೀಟರ್ ಕುಡಿದರೆ 276 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೋಗ್ಯವಂತರಿಗೆ ಇದು ಭಾರಿ ಅಲ್ಲ. ಆದರೆ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿರುವವರಿಗೆ, ಹಸುಗೂಸಿನ ಹಾಲಿನಪುಡಿ ಕಲಸುವುದಕ್ಕೆ ಈ ನೀರು ಬೇಡ. ಸುಲಭದ ದಾರಿ ಅಂದರೆ, ಅಡುಗೆಮನೆಯ ಕುಡಿಯುವ ನಲ್ಲಿಗೆ ಸಾಫ್ಟ್‌ನರ್‌ಗಿಂತ ಮೊದಲೇ ಒಂದು ಲೈನ್ ಎಳೆಸಿ, ಅಥವಾ ಆ ನಲ್ಲಿಗೆ ಆರ್‌ಒ ಇರಲಿ, ಅದು ಸೋಡಿಯಂ ಅನ್ನೂ ತಡೆಯುತ್ತದೆ. ಸೋಡಿಯಂ ಬದಲು ಪೊಟ್ಯಾಸಿಯಂ ಉಪ್ಪು ಬಳಸಿ ಎಂದೂ ಕೆಲವರು ಹೇಳುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಸಿಯಂ ಅಪಾಯ, ಹಾಗಾಗಿ ಡಾಕ್ಟರನ್ನು ಕೇಳದೆ ಬೇಡ. ಗಿಡಗಳಿಗೂ ಸಾಫ್ಟ್‌ನರ್ ನೀರು ಹಾಕಬೇಡಿ, ಸೋಡಿಯಂ ಸೇರಿದ ಮಣ್ಣು ಬರಬರುತ್ತಾ ಬಿಗಿದುಕೊಳ್ಳುತ್ತದೆ.

ಪ್ರಶ್ನೆ: ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಗಡಸು ನೀರು ಮೆದುವಾಗುತ್ತದಂತೆ. ಉಪ್ಪು ಬೇಡ, ಕರೆಂಟ್ ಬೇಡ. ನಿಜವಾ?

ಉತ್ತರ: ಮೇಲೆ ಹೇಳಿದ ಹನಿ ಕಿಟ್ ತಗೊಂಡು ಮ್ಯಾಗ್ನೆಟ್‌ಗೆ ಮುಂಚಿನ ನೀರು, ನಂತರದ ನೀರು ಎರಡನ್ನೂ ನೋಡಿ. ಹನಿ ಲೆಕ್ಕ ಒಂದೇ ಬರುತ್ತದೆ. ಕ್ಯಾಲ್ಸಿಯಂ ಎಲ್ಲಿಗೂ ಹೋಗಿರುವುದಿಲ್ಲ. ಸುಣ್ಣ ಕಟ್ಟುವುದು ಕಡಿಮೆಯಾಗುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರ ಸಿಕ್ಕಿಲ್ಲ, ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ: ಯುವಿ ದೀಪ ಚೆನ್ನಾಗಿ ಉರಿಯುತ್ತಿದೆ. ಆದರೂ ಸರ್ವೀಸ್‌ನವರು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುತ್ತಾರೆ. ದುಡ್ಡು ಕೀಳುವ ದಾರಿಯಾ?

ಉತ್ತರ: ಈ ವಿಷಯದಲ್ಲಿ ಅವರ ಮಾತು ಸರಿ. ರೋಗಾಣು ಕೊಲ್ಲುವುದು 254 ನ್ಯಾನೋಮೀಟರ್ ಆಸುಪಾಸಿನ ಕಿರಣ, ಅದು ಕಣ್ಣಿಗೆ ಕಾಣುವುದಿಲ್ಲ. ನಿಮಗೆ ಕಾಣುವ ನೀಲಿ ಬೆಳಕು ಬೇರೆ. ಸತತ ಉರಿಯುವ ದೀಪವಾದರೆ ಸುಮಾರು 9000 ಗಂಟೆಗೆ, ಅಂದರೆ ಒಂದು ವರ್ಷಕ್ಕೆ, ಬೇಕಾದ ಕಿರಣ ಸಾಕಷ್ಟು ಬರದೆ ಹೋಗಬಹುದು. ದೀಪದ ಸುತ್ತ ಇರುವ ಗಾಜಿನ ಕೊಳವೆಗೆ ಗಡಸು ನೀರಿನಿಂದ ಬಿಳಿ ಪೊರೆ ಕಟ್ಟಿದ್ದರೆ ಹೊಸ ದೀಪವೂ ದಂಡ, ಅದನ್ನೂ ಒರೆಸಿಸಿ. ಯುವಿ ಆದ ನೀರನ್ನು ಕೊಳಕು ಪಾತ್ರೆಯಲ್ಲಿ ತುಂಬಿಟ್ಟರೆ ರೋಗಾಣು ಮತ್ತೆ ಬರುತ್ತದೆ, ಕ್ಲೋರಿನ್ ಹಾಗೆ ನೀರಿನಲ್ಲಿ ಉಳಿದು ಕಾಯುವ ಗುಣ ಯುವಿಗಿಲ್ಲ.

ಪ್ರಶ್ನೆ: ನಮ್ಮ ಆರ್‌ಒ ಒಂದು ಲೀಟರ್ ಕೊಟ್ಟರೆ ಮೂರು ಲೀಟರ್ ಹೊರಗೆ ಬಿಡುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಟಿಡಿಎಸ್ ಕಂಟ್ರೋಲರ್ ತಿರುಗಿಸಿದರೆ ಸರಿಹೋಗುತ್ತದಾ?

ಉತ್ತರ: ಇಲ್ಲ, ಅದು ಬೇರೆ ಕತೆ. ಕಂಟ್ರೋಲರ್ ಮಾಡುವುದು ಇಷ್ಟೇ, ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ತಂದು ಆರ್‌ಒ ನೀರಿಗೆ ಬೆರೆಸುತ್ತದೆ. ನೀವು ಆರ್‌ಒ ಹಾಕಿಸಿದ್ದು ಫ್ಲೋರೈಡ್‌ಗೋಸ್ಕರ ಆಗಿದ್ದರೆ ಆ ಫ್ಲೋರೈಡನ್ನೇ ಹಿಂಬಾಗಿಲಿನಿಂದ ಕರೆತಂದ ಹಾಗಾಯಿತು! ರುಚಿ ಬೇಕಿದ್ದರೆ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಹಾಕಿಸಿ, ಆ ಸ್ಕ್ರೂ ಮುಟ್ಟಬೇಡಿ. ಹೊರಗೆ ಹೋಗುವ ನೀರನ್ನು ಪೂರ್ತಿ ನಿಲ್ಲಿಸಲು ಬರುವುದಿಲ್ಲ, ಲವಣವನ್ನು ಕೊಚ್ಚಿಕೊಂಡು ಹೋಗುವುದೇ ಅದು. ಅದನ್ನು ಕಟ್ಟಿದರೆ ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಕಮೋಡ್‌ಗೆ ಹಾಕಲು ಬಳಸಿ. ಹೊಸದು ಕೊಳ್ಳುವಾಗ ಎಷ್ಟಕ್ಕೆ ಎಷ್ಟು ನೀರು ಹೊರಗೆ ಹೋಗುತ್ತದೆ ಎಂದು ಕೇಳಿ ತಗೊಳ್ಳಿ. ಒಂದಕ್ಕೆ ಒಂದೇ ಬಿಡುವ ಮೆಷಿನ್‌ಗಳೂ ಇವೆ. ನಿಮ್ಮ ನೀರಿನ ಲವಣಕ್ಕೆ ಅದೇ ಲೆಕ್ಕ ನಿಲ್ಲುತ್ತದಾ ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಕುದಿಸಿ ಕುಡಿದರೆ ಸಾಲದಾ?

ಉತ್ತರ: ರೋಗಾಣುವಿನ ಭಯ ಮಾತ್ರ ಇದ್ದರೆ ಸಾಕು, ಚೆನ್ನಾಗಿ ಮರಳಿ ಒಂದು ನಿಮಿಷ ಆಗಲಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇದ್ದರೆ ಕುದಿಸಬೇಡಿ. ನೀರು ಆವಿಯಾಗುತ್ತದೆ, ಅವು ಅಲ್ಲೇ ಉಳಿದು ಇನ್ನೂ ದಟ್ಟವಾಗುತ್ತವೆ.

ಪ್ರಶ್ನೆ: ಬಾಡಿಗೆ ಮನೆ. ಪೈಪ್ ಮುಟ್ಟಲು ಓನರ್ ಬಿಡುವುದಿಲ್ಲ. ನಲ್ಲಿ, ಶವರ್, ಕೆಟಲ್ ಎಲ್ಲ ಬಿಳಿ ಬಿಳಿ. ಶವರ್ ಫಿಲ್ಟರ್ ಹಾಕಿಕೊಳ್ಳಲಾ?

ಉತ್ತರ: ಶವರ್ ಫಿಲ್ಟರ್‌ಗಳಲ್ಲಿ ಬಹುಪಾಲು ಕ್ಲೋರಿನ್ ತೆಗೆಯುವಂಥವು. ಅಂಗೈಯಗಲದ ಡಬ್ಬಿಯಲ್ಲಿ ಹಿಡಿಸುವ ರೆಸಿನ್ ನಿಮ್ಮ ಗಡಸುತನಕ್ಕೆ ಎಷ್ಟು ಲೀಟರ್ ಬಂದೀತು ಎಂದು ಮೇಲಿನ ಲೆಕ್ಕದಲ್ಲೇ ಹಾಕಿ ನೋಡಿ. ವಾಷಿಂಗ್ ಮೆಷಿನ್ ಪೈಪಿಗೆ ಪಾಲಿಫಾಸ್ಫೇಟ್ ಕಾರ್ಟ್ರಿಡ್ಜ್ ಸಿಕ್ಕಿಸಬಹುದು. ಅದು ಕ್ಯಾಲ್ಸಿಯಂ ತೆಗೆಯುವುದಿಲ್ಲ, ಹರಳುಗಟ್ಟದಂತೆ ಹಿಡಿದಿಡುತ್ತದೆ, ನೀರು 60 ಡಿಗ್ರಿ ದಾಟಿದರೆ ಅದರ ಆಟ ನಡೆಯುವುದಿಲ್ಲ. ಉಳಿದದ್ದಕ್ಕೆ ಸಿಟ್ರಿಕ್ ಆಸಿಡ್ ಪುಡಿ ಸಾಕು. ಕೆಟಲ್‌ಗೆ ಒಂದು ಲೀಟರ್ ನೀರಿಗೆ ಒಂದೆರಡು ಚಮಚ ಹಾಕಿ ಬಿಸಿ ಮಾಡಿ ಅರ್ಧ ಗಂಟೆ ಬಿಡಿ, ಸುಣ್ಣ ಬುಸುಬುಸು ನೊರೆ ಎದ್ದು ಬಿಟ್ಟುಕೊಳ್ಳುತ್ತದೆ. ಶವರ್ ತಲೆಯನ್ನು ಬಿಚ್ಚಿ ಅದೇ ನೀರಿನಲ್ಲಿ ಮುಳುಗಿಸಿಡಿ. ಮಾರ್ಬಲ್ ನೆಲಕ್ಕೆ ತಾಗಿಸಬೇಡಿ, ಅದೂ ಸುಣ್ಣದ ಕಲ್ಲೇ, ತಿಂದುಹಾಕುತ್ತದೆ. ಬ್ಲೀಚ್ ಹಾಕಿ ತೊಳೆಯುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ, ಎರಡೂ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ.